ಜಪಾನೀ ಮಿಠಾಯಿ ಇವತ್ತೇ ತಿನ್ನಿ, ಮಾರಾಯ್ರೇ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಮಿಠಾಯಿ ಅಡುಗೆಮನೆಯಲ್ಲಿ ಮದುವೆ ಆರ್ಡರು ಹಿಡಿಯುವುದು ನನ್ನ ಕೆಲಸ. ಮಿಠಾಯಿ ಜಪಾನಿನದು, ಧಣಿ ಜಪಾನಿನವರು, ತಲೆನೋವು ಮಾತ್ರ ಪೂರ್ತಿ ನನ್ನದು. ಗಂಡನನ್ನು ಕರೆದದ್ದಕ್ಕಿಂತ ಹೆಚ್ಚು ಸಲ ನಾನು "ಇವತ್ತೇ ತಿನ್ನಿ" ಎಂದು ಹೇಳಿದ್ದೇನೆ. ಗಂಡನ ಹಾಗೆಯೇ ಗಿರಾಕಿಗಳೂ ಕೇಳುವುದಿಲ್ಲ. ಹಾಗಾಗಿ ಇಂಥದ್ದು ನಡೆಯುತ್ತಲೇ ಇರುತ್ತದೆ.

ಇದು ನಮ್ಮದೇ ಅಲ್ವಾ?

ಅಬುಧಾಬಿಯಿಂದ ಒಬ್ಬ ತಾಯಿ ಮಗಳು ಬಂದರು, ಉಡುಪಿ ಕಡೆಯವರು. ತನ್ನ ಮದುವೆಗೆ ಬಂದವರಿಗೆ ಎಲ್ಲರೂ ಕೊಡುವ ಚಾಕೊಲೇಟು ಬೇಡ, ಬೇರೆ ಏನಾದರೂ ಆಗಬೇಕೆಂದು ಮಗಳ ಹಠ. ಅಕ್ಕಿಹಿಟ್ಟಿನ ಮೆತ್ತನೆಯ ಉಂಡೆ, ಒಳಗೆ ಕೆಂಪು ಕಾಳಿನ ಹೂರಣ. ಅದಕ್ಕೆ ಮೋಚಿ ಎನ್ನುತ್ತಾರೆ. ರುಚಿಗೆ ಒಂದೊಂದು ಕೊಟ್ಟೆ. ತಾಯಿ ಕಣ್ಣು ಮುಚ್ಚಿ ಅಗಿದರು.

"ಇದು ನಮ್ಮ ಹಾಲುಬಾಯಿಯೇ ಅಲ್ವಾ? ಇದಕ್ಕೆ ಎಂತಕ್ಕೆ ಜಪಾನಿಂದ ಜನ ಬರ್ಬೇಕು?"

"ಮಮ್ಮೀ, ಪ್ಲೀಸ್!" ಎಂದಳು ಮಗಳು.

ಏನಂತೆ ಎಂದು ಧಣಿ ಇಂಗ್ಲಿಷಿನಲ್ಲಿ ಕೇಳಿದರು. ಊರು ನೆನಪಾಯಿತಂತೆ ಎಂದೆ. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ತಾಯಿ ಮಗಳು ಹೋದ ಮೇಲೆ ಧಣಿ ನನ್ನ ಕಡೆ ತಿರುಗಿ, "ಹಿಂದಿನ ಮದುವೆಯಲ್ಲಿ ಒಬ್ಬರೂ ಡಬ್ಬ ತೆರೆಯಲಿಲ್ಲ. ಈ ಸಲ ನಾನೇ ಬಂದು ನೋಡುತ್ತೇನೆ. ತಿನ್ನದಿದ್ದರೆ ಮದುವೆ ಆರ್ಡರು ಖಲಾಸ್" ಎಂದರು.

ಮದುವೆ ಆರ್ಡರು ಖಲಾಸ್ ಆದರೆ ನಾನೂ ಖಲಾಸ್. "ಇವರು ನಮ್ಮೂರಿನವರು, ಖಂಡಿತ ತಿನ್ನುತ್ತಾರೆ" ಎಂದು ಮಾತು ಕೊಟ್ಟುಬಿಟ್ಟೆ. ನಮ್ಮೂರಿನವರನ್ನು ನಂಬಿ ಮಾತು ಕೊಡಬಾರದು ಎಂಬ ಬುದ್ಧಿ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ!

ಶೋಕೇಸಿನ ಮೋಚಿ

ಮನೆಯವರೆಲ್ಲ ರುಚಿ ನೋಡಲಿ ಎಂದು ಒಂದು ಡಬ್ಬ ಕಳಿಸಿಕೊಟ್ಟೆ. ಡಬ್ಬವೆಂದರೆ ಸಾಮಾನ್ಯ ಡಬ್ಬವಲ್ಲ. ಕೈಯಲ್ಲಿ ಮಡಚಿದ ಕಾಗದ, ಮೇಲೆ ಬಂಗಾರದ ಬಣ್ಣದ ಕೊಕ್ಕರೆಗಳು, ಕೆಂಪು ದಾರದ ಗಂಟು. ವಾರ ಬಿಟ್ಟು ಆರ್ಡರು ಖಚಿತ ಮಾಡಿಸಲು ಅವರ ಮನೆಗೆ ಹೋದರೆ ಡಬ್ಬ ಶೋಕೇಸಿನಲ್ಲಿದೆ. ಹಿತ್ತಾಳೆ ದೀಪಕ್ಕೂ ಮಗಳ ಶಾಲೆಯ ಕಪ್ಪಿಗೂ ನಡುವೆ, ಕಟ್ಟಿದ ಗಂಟು ಕಟ್ಟಿದ ಹಾಗೆಯೇ.

"ಅಮ್ಮಾ, ತಿನ್ಲಿಲ್ವಾ?"

"ಇಷ್ಟು ಚಂದ ಉಂಟು, ಹೇಗೆ ಬಿಚ್ಚುವುದು ಹೇಳಿ? ಬಂದವರೆಲ್ಲ ಎಲ್ಲಿಂದ ಅಂತ ಕೇಳಿದ್ರು."

ನಾನೇ ಬಿಚ್ಚಿದೆ. ಉಂಡೆ ಮೇಜಿನ ಮೇಲೆ ಬಿದ್ದು ಟಕ್ ಎಂದಿತು. ತಾಯಿ ಅದನ್ನು ಕೈಗೆತ್ತಿಕೊಂಡು, "ನಿಮ್ಮ ಧಣಿಗೆ ಸ್ವಲ್ಪ ನೀರು ಜಾಸ್ತಿ ಹಾಕ್ಲಿಕ್ಕೆ ಹೇಳಿ" ಎಂದರು.

ನಾಳೆ ಊರಿಗೆ ಯಾರು?

ದುಬೈನ ಊದ್ ಮೇಥಾದ ಹಾಲ್‌ನಲ್ಲಿ ಮದುವೆ. ಧಣಿ ಕಪ್ಪು ಕೋಟು ಹಾಕಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಪ್ರತಿ ಎಲೆಯ ಪಕ್ಕದಲ್ಲೂ ಒಂದೊಂದು ಡಬ್ಬ. ಊಟ ಮುಗಿಯುತ್ತ ಬಂದರೂ ಒಂದು ಗಂಟೂ ಬಿಚ್ಚಲಿಲ್ಲ, ಬದಲಿಗೆ ವ್ಯಾನಿಟಿ ಬ್ಯಾಗುಗಳ ಜಿಪ್ಪುಗಳು ಬಿಚ್ಚಿಕೊಂಡವು, ಡಬ್ಬಗಳು ಒಳಗೆ ಹೋದವು. ವಧುವಿನ ಸೋದರಮಾವ ಎದ್ದುನಿಂತು, "ನಾಳೆ ಊರಿಗೆ ಯಾರು ಹೋಗುವುದು? ಅತ್ತೆಗೆ ನಾಲ್ಕು ಡಬ್ಬ ಕಳಿಸ್ಲಿಕ್ಕುಂಟು" ಎಂದು ಕೂಗಿದರು. ಧಣಿಯ ಮುಖ ಸಣ್ಣದಾಯಿತು.

ನಾಚಿಕೆ ಬಿಟ್ಟು ಮೈಕು ಹಿಡಿದೆ. "ದಯವಿಟ್ಟು ಇವತ್ತೇ ತಿನ್ನಿ, ನಾಳೆ ಕಲ್ಲಾಗುತ್ತದೆ!" ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೂ ತಿನ್ನಲಿಲ್ಲ. ಆಗ ವಧುವಿನ ತಾಯಿ ನನ್ನ ಕೈಯಿಂದ ಮೈಕು ಕಿತ್ತುಕೊಂಡರು.

"ಮಿಠಾಯಿ ಹೊಟ್ಟೆಗೆ ಹಾಕಿ ಮಾರಾಯ್ರೇ, ಖಾಲಿ ಡಬ್ಬ ಮನೆಗೆ ಕೊಂಡುಹೋಗಿ!"

ಹಾಲ್ ತುಂಬ ಕಾಗದದ ಸರಸರ ಸದ್ದು. ಮಾವನವರು ಅತ್ತೆಗೆಂದು ಇಟ್ಟಿದ್ದ ನಾಲ್ಕನ್ನೂ ತಿಂದು ಡಬ್ಬಗಳನ್ನು ಒಂದರೊಳಗೊಂದು ತುರುಕಲು ನೋಡುತ್ತಿದ್ದರು. ಧಣಿ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಹೊರಡುವಾಗ ತಾಯಿ ಧಣಿಗೆ ಜರಿ ರಿಬ್ಬನ್ನು ಕಟ್ಟಿದ ಒಂದು ಡಬ್ಬ ಕೊಟ್ಟರು. ಕೈಯಾರೆ ಮಾಡಿದ ಹಾಲುಬಾಯಿ, ಹಸಿ ತೆಂಗಿನ ಹಾಲಿನದು. "ಇವತ್ತೇ ತಿನ್ಬೇಕಂತ ಹೇಳಿ" ಎಂದರು. ಹೇಳಿದೆ. ಧಣಿ ಮೂರು ಸಲ ಬಗ್ಗಿದರು.

ಧಣಿಯ ಡಬ್ಬ

ಮುಂದಿನ ವಾರ ಧಣಿ ನನ್ನನ್ನು ಕೋಣೆಗೆ ಕರೆದರು. ಮದುವೆ ಆರ್ಡರು ಮುಂದುವರಿಯಲಿ, ನಿಮ್ಮ ಜನಕ್ಕೆ ತಾಜಾ ಎಂದರೇನೆಂದು ಗೊತ್ತಿದೆ ಎಂದರು. ಉಬ್ಬಿಹೋದೆ. ಆದರೆ ಕೋಣೆಯಲ್ಲಿ ಏನೋ ಹುಳಿ ವಾಸನೆ. ಸುತ್ತ ನೋಡಿದರೆ ಕಪಾಟಿನ ಮೇಲೆ, ಅವರ ಕುಟುಂಬದ ಫೋಟೋ ಪಕ್ಕದಲ್ಲಿ, ಜರಿ ರಿಬ್ಬನ್ನಿನ ಅದೇ ಡಬ್ಬ.

"ಧಣೀ, ತಿನ್ನಲಿಲ್ಲವೇ?"

"ಇಷ್ಟು ಚಂದದ ರಿಬ್ಬನ್ನು, ಹೇಗೆ ಬಿಚ್ಚುವುದು?" ಎಂದರು ಧಣಿ. "ಊರಿಗೆ ಹೋಗುವಾಗ ಹೆಂಡತಿಗೆ ಕೊಂಡುಹೋಗುತ್ತೇನೆ."

"ಯಾವಾಗ ಹೋಗುವುದು?"

"ಡಿಸೆಂಬರಿನಲ್ಲಿ."

ಆಗಿನ್ನೂ ಏಪ್ರಿಲ್.