ಹದಿನಾಲ್ಕು ಅಂಗುಲದ ಕರ್ನಲ್

ಹದಿನಾಲ್ಕು ಅಂಗುಲ ಎತ್ತರದ ಪ್ರಾಣಿಯೊಂದನ್ನು ನಾಯಿ ಎನ್ನಬಹುದೇ ಕೂಡದೇ ಎಂಬ ಗಹನವಾದ ಪ್ರಶ್ನೆ ೧೯೮೩ರಲ್ಲಿ ಹೊಸೂರಿನಿಂದ ಕೆಲಮಂಗಲಕ್ಕೆ ಹೋಗುವ ದಾರಿಯ ಹಳ್ಳಿಯೊಂದನ್ನು ಎರಡು ಬಣಗಳಾಗಿ ಒಡೆದಿತ್ತು. ದೇಶ ಕ್ರಿಕೆಟ್ಟಿನಲ್ಲಿ ಪ್ರಪಂಚವನ್ನು ಗೆದ್ದ ಸುದ್ದಿಯೂ ಆ ವರ್ಷ ಊರಿಗೆ ಬಂದಿತ್ತು. ಆದರೆ ಅದರ ಬಗ್ಗೆ ಭಿನ್ನಾಭಿಪ್ರಾಯವೇ ಇರಲಿಲ್ಲವಾದ್ದರಿಂದ ಅದು ಎರಡು ದಿನಕ್ಕೆ ಮುಗಿಯಿತು. ನಾಯಿಯ ವಿಚಾರ ಮುಗಿಯಲಿಲ್ಲ.

ಅದಿನ್ನೂ ಮರಿ, ಮುದ್ದೆ ಹಾಕಿದರೆ ಕರುವಿನಷ್ಟಾಗುತ್ತದೆ ಎಂದು ಒಂದು ಬಣ. ಅದರ ತಾಯಿ ನಾಯಿ, ತಂದೆ ನರಿ, ಮುದ್ದೆ ಹಾಕಿ ಪ್ರಯೋಜನವಿಲ್ಲ ಎಂದು ಇನ್ನೊಂದು ಬಣ. ಅದಕ್ಕೆ ನಾಲ್ಕು ವರ್ಷ ತುಂಬಿದೆ, ಬೆಳೆಯುವಷ್ಟು ಬೆಳೆದಾಗಿದೆ, ಆ ಜಾತಿಯೇ ಅಷ್ಟು ಎಂಬ ಮೂರನೆಯ ಅಭಿಪ್ರಾಯವೂ ಇತ್ತು. ಅದು ನಾಯಿಯ ಒಡೆಯರ ಅಭಿಪ್ರಾಯವಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಡೆಯರೆಂದರೆ ವೆಂಕಟಾಚಲ ಮೇಷ್ಟ್ರು. ವಯಸ್ಸು ಐವತ್ತೊಂದು. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ತಮಿಳುನಾಡಿನ ಗಡಿಯೊಳಗಿನ ಆ ಊರಿನ ಶಾಲೆಯಲ್ಲಿ ಒಂದೇ ಹೆಂಚಿನ ಸೂರಿನ ಕೆಳಗೆ ತಮಿಳು ವಿಭಾಗ, ಕನ್ನಡ ವಿಭಾಗ ಎರಡೂ ಇದ್ದವು. ತಮಿಳು ವಿಭಾಗಕ್ಕೆ ಹೊಸೂರಿನ ಜಲಜಮ್ಮ ಟೀಚರು, ಕನ್ನಡಕ್ಕೆ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಅವರು ಮನೆಯಲ್ಲಿ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಮನೆಯೊಳಗೆ ಯಾರದಾದರೂ ದನಿ ಇರಲಿ ಎಂದು.

ಹೊಸೂರಿನ ಹೊಸ ಫ್ಯಾಕ್ಟರಿಯೊಂದಕ್ಕೆ ಕಲ್ಕತ್ತೆಯಿಂದ ಬಂದಿದ್ದ ಮ್ಯಾನೇಜರರಿಗೆ ಮೇಷ್ಟ್ರು ಮೂರು ತಿಂಗಳು ಕನ್ನಡ ಹೇಳಿಕೊಟ್ಟಿದ್ದರು. ‘ಚೆನ್ನಾಗಿದ್ದೀರಾ’ ಎಂಬಲ್ಲಿಗೆ ಬರುವಷ್ಟರಲ್ಲಿ ಮ್ಯಾನೇಜರರಿಗೆ ವರ್ಗವಾಯಿತು. ಹೋಗುವಾಗ ತಮ್ಮ ನಾಯಿಯನ್ನೂ ಅದರ ಬಗೆಗಿನ ಇಂಗ್ಲಿಷ್ ಪುಸ್ತಿಕೆಯನ್ನೂ ಕೊಟ್ಟು ಹೋದರು. ನಾಯಿಯ ಹೆಸರು ಕರ್ನಲ್. ಉದ್ದ ಕೂದಲು, ಚೂಪು ಮೂತಿ, ಮುಡಿಗೆ ಹೂ ಸಾಲದೆಂದು ಮುನಿಸಿಕೊಂಡವರಂಥ ಮುಖ. ಮೇಷ್ಟ್ರು ಶಾಲೆಯ ಅಡಿಕೋಲು ತಂದು ಅಳೆದರು. ಹದಿನಾಲ್ಕು ಅಂಗುಲ. ಪುಸ್ತಿಕೆಯ ಪ್ರಕಾರ ಈ ಜಾತಿ ಸಮುದ್ರದಾಚೆಯ ಯಾವುದೋ ದ್ವೀಪದಲ್ಲಿ ಕುರಿ ಕಾಯುವುದು. ಅಲ್ಲಿ ಕುರಿಗಳೂ ಚಿಕ್ಕವು. ಸ್ವಭಾವ ಮೃದು, ಬುದ್ಧಿ ಚುರುಕು, ಬೊಗಳುವುದು ಹೆಚ್ಚು, ಒಂಟಿತನ ತಡೆಯದು. ಕೊನೆಯ ಮಾತಿನ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

ಪುಸ್ತಿಕೆ ಹೇಳದೆ ಬಿಟ್ಟದ್ದನ್ನು ಕರ್ನಲ್ ತಾನೇ ತಿಳಿಸಿತು. ಯಾವುದು ಚೆದುರಿದ್ದರೂ ಅದು ಸಹಿಸದು. ನಾಲ್ಕು ಕೋಳಿ ನಾಲ್ಕು ಕಡೆ ಮೇಯುತ್ತಿದ್ದರೆ ಸುತ್ತು ಹಾಕಿ, ಹಿಮ್ಮಡಿಯ ಹತ್ತಿರ ಬಾಯಿ ತಂದು ಹೆದರಿಸಿ, ನಾಲ್ಕನ್ನೂ ಒಂದು ಮೂಲೆಗೆ ಸೇರಿಸಿದ ಮೇಲೆಯೇ ಅದಕ್ಕೆ ನೆಮ್ಮದಿ. ಸಂಜೆ ಮನೆಯಲ್ಲಿ ಸೇರಿಸಲು ಮೇಷ್ಟ್ರೊಬ್ಬರೇ. ಅದು ಅವರ ಸುತ್ತಲೇ ಗಾಣದೆತ್ತಿನಂತೆ ಸುತ್ತುತ್ತಿತ್ತು. ಒಬ್ಬನೇ ಮನುಷ್ಯನನ್ನು ಒಟ್ಟುಗೂಡಿಸುವುದು ಎಷ್ಟು ಕಷ್ಟವೆಂಬುದು ಆ ನಾಯಿಗೂ ಗೊತ್ತಾಗಿತ್ತು, ಮೇಷ್ಟ್ರಿಗೂ.

ಆ ಬುಧವಾರ ಇನ್‌ಸ್ಪೆಕ್ಟರು ಬರುವವರಿದ್ದರು. ಕನ್ನಡ ವಿಭಾಗದಲ್ಲಿ ಕಡೆಯ ಪಕ್ಷ ಇಪ್ಪತ್ತು ಮಕ್ಕಳು ಕಣ್ಣಿಗೆ ಕಾಣದಿದ್ದರೆ ವಿಭಾಗವನ್ನು ಮುಚ್ಚಿ, ಮೇಷ್ಟ್ರನ್ನು ಬೇರೆಲ್ಲಿಗಾದರೂ ಹಾಕುವುದೆಂದು ಕಾಗದ ಬಂದಿತ್ತು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಇಪ್ಪತ್ತನಾಲ್ಕಿದ್ದವು. ಆದರೆ ಅದು ರೇಷ್ಮೆಹುಳ ಹಣ್ಣಾಗುವ ವಾರ. ಹುಳ ಹಣ್ಣಾದರೆ ಆ ಊರಿನಲ್ಲಿ ಮದುವೆ ನಿಲ್ಲುತ್ತದೆ. ಶಾಲೆ ಯಾವ ಲೆಕ್ಕ? ಬೆಳಗಿನ ಗಂಟೆಗೆ ಬಂದವರು ಒಂಬತ್ತು ಮಂದಿ.

ಮೇಷ್ಟ್ರು ಒಂಬತ್ತು ತಲೆಗಳನ್ನು ಮೂರು ಸಲ ಎಣಿಸಿದರು. ಮೂರು ಸಲವೂ ಒಂಬತ್ತೇ. ಇವರೂ ಇಲ್ಲದ ಮೇಲೆ ತಮ್ಮನ್ನು ‘ಸಾ’ ಎಂದು ಕೂಗುವವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ ಎನ್ನಿಸಿ, ನಾಲ್ಕನೆಯ ಸಲ ಎಣಿಸಲು ಧೈರ್ಯವಾಗಲಿಲ್ಲ.

ಕರ್ನಲ್ಲನ್ನು ಅವರು ಮನೆಯ ಕಂಬಕ್ಕೆ ಕಟ್ಟಿ ಬಂದಿದ್ದರು. ಪಕ್ಕದ ಮನೆಯ ಪಾಪಮ್ಮ ಅದನ್ನು ಬಿಚ್ಚಿದಳು. ಮುದ್ದೆ ಬಣದ ಮುಖ್ಯಸ್ಥೆ ಅವಳೇ. ಶಾಲೆಯ ಮಧ್ಯಾಹ್ನದ ಊಟ ಬೇಯಿಸುವವಳೂ ಅವಳೇ.

“ಅಯ್ಯೋ ಮೇಷ್ಟ್ರೇ, ಒಂದೇ ಸಮ ಅಳ್ತಿತ್ತು. ಎಳೇ ಮರಿ! ಕಟ್ಟಾಕುದ್ರೆ ಬೆಳ್ದಾತಾ ಅದು? ಮುದ್ದೆ ತಿನ್ಸಿ ಬುಟ್ಬುಟ್ಟೆ” ಎಂದು ಅವಳು ಕಿಟಕಿಯಲ್ಲಿ ತಲೆ ಹಾಕಿ ಹೇಳಿದಳು.

“ಬಿಟ್ರಾ? ಎಲ್ಲಿಗೆ ಹೋಯ್ತು?”

“ಹಿಪ್ನೇರಳೆ ತೋಟದ ಕಡೀಕೆ ಓಡ್ತಪ್ಪ, ಕಿತ್ಕೊಂಡು.”

ಹಿಪ್ಪುನೇರಳೆ ತೋಟದಲ್ಲಿ ಕನ್ನಡ ವಿಭಾಗದ ಇನ್ನೊಂಬತ್ತು ಮಕ್ಕಳು ಸೊಪ್ಪು ಕೀಳುತ್ತಿದ್ದರು. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರು, ಸಂಪೂರ್ಣವಾಗಿ ಚೆದುರಿಹೋಗಿದ್ದರು. ಕರ್ನಲ್ಲಿಗೆ ಅದು ಎಂಥ ದೃಶ್ಯವಾಗಿರಬೇಕೆಂದು ಊಹಿಸಬಹುದು. ಹತ್ತು ನಿಮಿಷದಲ್ಲಿ ಶಾಲೆಯ ಬಾಗಿಲಲ್ಲಿ ಕಿರುಚಾಟ ಕೇಳಿಸಿತು. ಒಂಬತ್ತು ಮಕ್ಕಳು ಒತ್ತೊತ್ತಾಗಿ, ನಗುತ್ತ, ಲಂಗ ಚಡ್ಡಿ ಹಿಡಿದುಕೊಂಡು ಒಳಗೆ ನುಗ್ಗಿದರು. ಹಿಂದೆ ಬೊಗಳುತ್ತ ಹದಿನಾಲ್ಕು ಅಂಗುಲ. ಅದರ ಹಿಂದೆ ಸೊಪ್ಪಿನ ಕುಕ್ಕೆ ಹೊತ್ತ ತೋಟದ ಚಿನ್ನಪ್ಪ.

“ಮೇಷ್ಟ್ರೇ, ಇದೇನ್ ನ್ಯಾಯ ಹೇಳಿ! ನಿಮ್ ನಾಯಿ ನಮ್ ಹೈಕಳ್ನ ಕುರಿ ಹೊಡ್ದಂಗೆ ಹೊಡ್ಕಂಡ್ ಬಂದೈತೆ! ಅಲ್ಲಿ ಹುಳ ಹಣ್ಣಾಗಿ ತಲೆ ಎತ್ಕಂಡ್ ಕುಂತವೆ, ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬಿಡೋರ್ಯಾರು, ಇದ್ರಪ್ಪನಾ?”

“ಚಿನ್ನಪ್ಪ, ಒಂದರ್ಧ ಗಂಟೆ ಕಣಯ್ಯ. ಇನ್‌ಸ್ಪೆಕ್ಟರ್ ಬಂದು ಹೋಗ್ಬಿಡ್ಲಿ.”

“ಹುಳಕ್ಕೆ ಇನ್‌ಸ್ಪೆಕ್ಟ್ರು ಗೊತ್ತಾತದಾ? ಏಳ್ರಲಾ ಮೇಲೆ!” ಎಂದು ಚಿನ್ನಪ್ಪ ಮಕ್ಕಳ ಕಡೆಗೆ ಎರಡು ಹೆಜ್ಜೆ ಇಟ್ಟ. ಕರ್ನಲ್ ಅವನ ಹಿಮ್ಮಡಿಗೆ ಮೂತಿ ತಾಗಿಸಿತು. ಚಿನ್ನಪ್ಪ ಕುಕ್ಕೆ ಸಮೇತ ಕೊನೆಯ ಬೆಂಚಿನಲ್ಲಿ ಕುಳಿತುಬಿಟ್ಟ. ಕುಳಿತವನ ಮೇಲೆ ಅದಕ್ಕೆ ದ್ವೇಷವಿರಲಿಲ್ಲ. ಬಾಲ ಅಲ್ಲಾಡಿಸಿತು.

ಹದಿನೆಂಟು. ಇನ್ನೆರಡು ಬೇಕು. ಮೇಷ್ಟ್ರ ಜೀವಮಾನದಲ್ಲಿ ಎರಡು ಎಂಬ ಸಂಖ್ಯೆ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ.

ಕರ್ನಲ್ಲಿಗೆ ಅಂಥ ಸಣ್ಣ ಲೆಕ್ಕಗಳಿರಲಿಲ್ಲ. ಹೊರಗೆ ಬಯಲಿನಲ್ಲಿ ಜಲಜಮ್ಮ ಟೀಚರು ತಮಿಳು ವಿಭಾಗದ ಇಪ್ಪತ್ತಮೂರು ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದರು. ಡ್ರಿಲ್ಲಿನ ಮೊದಲ ನಿಯಮ, ಕೈ ಚಾಚಿ ದೂರ ದೂರ ನಿಲ್ಲುವುದು. ನಾಯಿ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿತು. ಆಮೇಲೆ ಹೊರಟಿತು.

ಮುಂದಿನ ಐದು ನಿಮಿಷ ನಡೆದದ್ದನ್ನು ಜಲಜಮ್ಮನವರು ನಿವೃತ್ತಿಯ ತನಕ ಯಾರಿಗೂ ಹೇಳಲಿಲ್ಲ. ಎಡಕ್ಕೆ ಓಡಿದವರನ್ನು ಎಡದಿಂದ, ಬಲಕ್ಕೆ ಓಡಿದವರನ್ನು ಬಲದಿಂದ ತಿರುಗಿಸಿ, ಕರ್ನಲ್ ಇಪ್ಪತ್ತಮೂರು ಮಕ್ಕಳನ್ನೂ ಕನ್ನಡ ವಿಭಾಗಕ್ಕೆ ತುಂಬಿತು. ಕೊನೆಯಲ್ಲಿ ಟೀಚರನ್ನೂ.

“ಏನ್ರೀ ಮೇಷ್ಟ್ರೇ ಇದು? ಸೀರೆ ಅಂಚು ಹಿಡ್ಕೊಂಡು ಎಳೀತು ರೀ! ನಾಯೀನಾ ಇದು, ಪೊಲೀಸಾ?”

“ಕ್ಷಮಿಸಿ ಟೀಚರ್. ಮಕ್ಕಳನ್ನ ಕರ್ಕೊಂಡು ಹೋಗ್ಬಿಡಿ. ನಾನು ಇದನ್ನ ಹಿಡ್ಕೊಂಡಿರ್ತೀನಿ.”

ಟೀಚರು ಹೊರಡಲು ತಿರುಗಿದರು. ಬಾಗಿಲಲ್ಲಿ ಇನ್‌ಸ್ಪೆಕ್ಟರ್ ರಾಮಚಂದ್ರಪ್ಪನವರು ನಿಂತಿದ್ದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಮಡಿಸಿದ ಕೊಡೆ. ಹಿಂದೆ ಹೋಗಲಾರದ ಸ್ಥಿತಿ; ಕರ್ನಲ್ ಆಗಲೇ ಮೇಷ್ಟ್ರ ಕೈ ತಪ್ಪಿಸಿಕೊಂಡು ಅವರ ಬೆನ್ನ ಹಿಂದೆ ಹೋಗಿತ್ತು. ಇನ್‌ಸ್ಪೆಕ್ಟರು ಕಾಲಿಗೆ ತಾಗಿದ್ದೇನೆಂದು ತಿರುಗಿ ನೋಡದೆ ಎರಡು ಪುಟ್ಟ ಜಿಗಿತಗಳಲ್ಲಿ ಒಳಗೆ ಬಂದರು. ಈಗ ಎಲ್ಲರೂ ಒಂದೇ ಕಡೆ ಸೇರಿದ್ದರು. ಕರ್ನಲ್ ದೊಡ್ಡದೊಂದು ಉಸಿರು ಬಿಟ್ಟು, ಮೇಷ್ಟ್ರ ಕಾಲ ಬಳಿ ಸುರುಳಿ ಸುತ್ತಿ ಮಲಗಿ, ನಿದ್ದೆ ಹೋಯಿತು.

“ನಿಮ್ಮ ತಮಿಳು ವಿಭಾಗಾನ ಬೇರೆಯವರು ನೋಡ್ತಾರಮ್ಮ. ಇವತ್ತು ಕನ್ನಡ ಮಾತ್ರ” ಎಂದ ಇನ್‌ಸ್ಪೆಕ್ಟರು ಎಣಿಸತೊಡಗಿದರು. ಎಣಿಸುತ್ತ ಎಣಿಸುತ್ತ ಅವರ ಮುಖ ಬದಲಾಯಿತು. “ನಲವತ್ತೊಂದು! ಪುಸ್ತಕದಲ್ಲಿ ಇಪ್ಪತ್ನಾಲ್ಕೇ ಇದೆಯಲ್ರೀ?”

ಮೇಷ್ಟ್ರು ಬಾಯಿ ತೆರೆದರು. ಜಲಜಮ್ಮನವರು ಅವರನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷ ಪಕ್ಕದ ಕೋಣೆಯಲ್ಲಿ ಪಾಠ ಮಾಡಿದವರು. ಈ ಮನುಷ್ಯ ಗಂಟೆ ಹೊಡೆದ ಮೇಲೂ ಖಾಲಿ ಬೆಂಚುಗಳ ಮಧ್ಯೆ ಸುಮ್ಮನೆ ಕುಳಿತಿರುವುದನ್ನು ಎಷ್ಟೋ ಸಂಜೆ ನೋಡಿದ್ದರು.

“ಹೊಸಬರು ಸಾರ್” ಎಂದರು ಟೀಚರು. “ಈಗೀಗ ಬರ್ತಿದ್ದಾರೆ.”

ಇನ್‌ಸ್ಪೆಕ್ಟರು ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿದರು. ಅವಳು ತಮಿಳು ವಿಭಾಗದವಳು. “ಏನಮ್ಮ, ಕನ್ನಡ ಬರತ್ತಾ?”

“ಬತ್ತದೆ ಸಾ. ಅಪ್ಪನ ಕೂಡ ಅದೇಯ. ಅವ್ವನ ಕೂಡ ತೆಲುಗು, ಅಂಗ್ಡೀಲಿ ತಮಿಳು.”

ಇನ್ನೊಬ್ಬನನ್ನು ಕೇಳಿದರು. ಅವನಿಗೂ ಬರುತ್ತಿತ್ತು. ಆ ಊರಿನಲ್ಲಿ ಮೂರೂ ಬಾರದ್ದು ಕರ್ನಲ್ಲಿಗೆ ಮಾತ್ರ.

“ಹಿಂದೆ ಕೂತಿರೋ ಮೀಸೆಯವರು?”

“ವಯಸ್ಕರ ಶಿಕ್ಷಣ ಸಾರ್” ಎಂದರು ಜಲಜಮ್ಮ, ಕಣ್ಣು ಮಿಟುಕಿಸದೆ. ಚಿನ್ನಪ್ಪ ಎದ್ದು ನಿಂತು ಕೈಮುಗಿದ. ಅವನಿಗೆ ಹುಳದ ಚಿಂತೆ. ಬೇಗ ಮುಗಿದರೆ ಸಾಕಿತ್ತು.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ವೆಂಕಟಾಚಲ ಅವರೇ, ಇಪ್ಪತ್ತೆರಡು ವರ್ಷ ಆಯ್ತು ನನ್ನ ಸರ್ವೀಸು. ಪುಸ್ತಕದಲ್ಲಿ ಐವತ್ತು, ಬೆಂಚಿನ ಮೇಲೆ ಐದು, ಇಂಥ ಶಾಲೆ ಬೇಕಾದಷ್ಟು ನೋಡಿದೀನಿ. ಪುಸ್ತಕಕ್ಕಿಂತ ಬೆಂಚಿನ ಮೇಲೆ ಜಾಸ್ತಿ ಇರೋದನ್ನ ಇವತ್ತೇ ನೋಡಿದ್ದು. ಅದೂ ಹುಳ ಹಣ್ಣಾಗೋ ವಾರದಲ್ಲಿ! ಕನ್ನಡ ವಿಭಾಗ ಮುಚ್ಚೋ ಮಾತೇ ಇಲ್ಲ.”

ಮೇಷ್ಟ್ರ ಕಣ್ಣು ಮಂಜಾಯಿತು. ಕಾಲ ಬಳಿಯ ಬೆಚ್ಚನೆಯ ಉಸಿರು, ಕೋಣೆಯ ತುಂಬ ಮಕ್ಕಳ ಗಿಜಿಗಿಜಿ. ಆರು ವರ್ಷಗಳಲ್ಲಿ ಅವರು ಅಷ್ಟು ಜನರ ನಡುವೆ ನಿಂತದ್ದಿಲ್ಲ. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ, ಅವರು ಸುಖವಾಗಿದ್ದರು.

ಇನ್‌ಸ್ಪೆಕ್ಟರು ಫೈಲಿನಿಂದ ಒಂದು ಹಾಳೆ ತೆಗೆದರು. “ಗುಮ್ಮಳಾಪುರದ ಆಚೆ ಒಂದು ಕೊಪ್ಪಲಿದೆ. ಅಲ್ಲಿ ನಮ್ಮದೊಂದು ಕನ್ನಡ ಶಾಲೆ. ಮೇಷ್ಟ್ರು ನಿವೃತ್ತಿಯಾದ್ರು, ಮಕ್ಕಳು ಬರೋದು ಬಿಟ್ರು. ಯಾರನ್ನ ಹಾಕೋದು ಅಂತ ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ದೇವರೇ ತೋರಿಸಿದ ಹಾಗಾಯ್ತು ನೋಡಿ. ಮಕ್ಕಳನ್ನ ಸೇರಿಸೋ ಕೈ ನಿಮ್ಮದು. ನಾಳೆ ಬೆಳಗ್ಗೆ ಹೋಗಿ ಬಾಗಿಲು ತೆಗೀರಿ.”

“ಸಾರ್! ಇಲ್ಲಿ ಕನ್ನಡ ವಿಭಾಗ…”

“ಇಲ್ಲೇನ್ರೀ, ನಲವತ್ತೊಂದು ಮಕ್ಕಳು ತಾವಾಗೇ ಓಡಿ ಬರ್ತಾರೆ. ಯಾರಾದ್ರೂ ನಡೆಸ್ತಾರೆ. ಸದ್ಯಕ್ಕೆ ಟೀಚರಮ್ಮ ನೋಡ್ಕೊಳ್ಲಿ.”

ಆಗ ಮೇಷ್ಟ್ರು, ಜೀವ ಹೋದರೂ ಸರಿ ಎಂದು, ನಿಜ ಹೇಳಿಬಿಟ್ಟರು. “ಸಾರ್, ನನ್ನ ಕೈಯಲ್ಲೇನೂ ಇಲ್ಲ. ಈ ಮಕ್ಕಳನ್ನೆಲ್ಲ ತಂದದ್ದು ನಾಯಿ. ಇದು ಕುರಿ ಕಾಯೋ ಜಾತಿ. ಹಿಮ್ಮಡಿ ಹತ್ರ ಬಾಯಿ ತಂದು ಅಟ್ಟಿಸ್ಕೊಂಡು ಬರತ್ತೆ.”

ಇನ್‌ಸ್ಪೆಕ್ಟರು ಮೇಷ್ಟ್ರ ಕಾಲಿನ ಬಳಿ ನೋಡಿದರು. ಕರ್ನಲ್ ಮೂಗಿನ ಮೇಲೆ ಬಾಲ ಇಟ್ಟುಕೊಂಡು ಮೆಲ್ಲಗೆ ಗೊರಕೆ ಹೊಡೆಯುತ್ತಿತ್ತು.

“ಇದಾ?” ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ವಿನಯಕ್ಕೂ ಒಂದು ಮಿತಿ ಬೇಕು ಮೇಷ್ಟ್ರೇ. ಇದಿನ್ನೂ ಮರಿ ರೀ!”

“ಹಂಗ್ ಹೇಳಿ ಸಾಮಿ!” ಎಂದಳು ಕಿಟಕಿಯಿಂದ ಪಾಪಮ್ಮ. “ಮುದ್ದೆ ಹಾಕ್ಬೇಕು ಅಂದ್ರೆ ಕೇಳಕ್ಕಿಲ್ಲ ಇವ್ರು.”

ಮಧ್ಯಾಹ್ನ ಮೇಷ್ಟ್ರು ಒಂದು ಟ್ರಂಕು, ಒಂದು ಹಾಸಿಗೆ ಕಟ್ಟಿದರು. ಅಷ್ಟೇ ಇದ್ದದ್ದು. ನಾಲ್ಕು ಗಂಟೆಗೆ ಜಲಜಮ್ಮನವರು ಶಾಲೆಯ ಜಗಲಿಯಲ್ಲಿ ನಿಂತಿದ್ದರು.

“ನಾನು ಬಾಯಿ ಮುಚ್ಕೊಂಡಿದ್ರೆ ಇಲ್ಲೇ ಎಲ್ಲೋ ಹತ್ರ ಹಾಕ್ತಿದ್ರೋ ಏನೋ ಮೇಷ್ಟ್ರೇ.”

“ಇಲ್ಲಮ್ಮ. ನೀವು ಮಾತಾಡಿದ್ದು ಒಳ್ಳೇದೇ ಆಯ್ತು” ಎಂದರು ಮೇಷ್ಟ್ರು. ಗಂಟೆ ಹೊಡೆಯಿತು.

ಮಕ್ಕಳು ಎಂಟು ದಿಕ್ಕಿಗೂ ಚೆಲ್ಲಿಕೊಂಡರು. ಕರ್ನಲ್ ಕಿವಿ ನಿಮಿರಿಸಿತು. ಮೇಷ್ಟ್ರು ರಸ್ತೆಗಿಳಿದು ಒಮ್ಮೆ ಕರೆದರು. ಅದು ಅವರತ್ತ ನಾಲ್ಕು ಹೆಜ್ಜೆ ಬಂದು, ನಿಂತು, ಹಿಂದೆ ನೋಡಿತು. ಅಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದಿದ್ದರು. ಇಲ್ಲಿ ಇದ್ದವರು ಒಬ್ಬರು, ಅವರೂ ಚೆದುರುವಂತಿರಲಿಲ್ಲ. ಅದು ತಿರುಗಿ ಓಡಿತು. ಮೇಷ್ಟ್ರು ಎರಡನೆಯ ಸಲ ಕರೆಯಲಿಲ್ಲ.

ಕನ್ನಡ ವಿಭಾಗ ಉಳಿಯಿತು. ವೆಂಕಟಾಚಲ ಮೇಷ್ಟ್ರು ಐದೂವರೆ ಬಸ್ಸಿಗೆ ಹೋದರು.