‘ಹಿಡ್ಕೊಳ್ಳಿ’ಗೂ ‘ಬಿಡಿ’ಗೂ ನಡುವೆ

ಮಾನ್ಯ ಮೌನ ಕತ್ತರಿಸುವ ಯಂತ್ರ ಮಹಾಶಯರೇ,

ತಮಗೆ ಅನಂತ ನಮಸ್ಕಾರಗಳು. ತಾವು ಎಲ್ಲಿದ್ದೀರೋ ಅಲ್ಲಿ ಕರೆಂಟು ಹೋಗದೆ, ಮೈ ಬಿಸಿಯೇರದೆ, ಯಾರೂ ತಮ್ಮ ವೈರನ್ನು ಎಡವದೆ ಸುಖವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಕಡೆಯೂ, ಕೆಲವು ಕಪ್ಪುಗಳನ್ನು ಬಿಟ್ಟರೆ, ಎಲ್ಲರೂ ಕ್ಷೇಮ. ವಿಡಿಯೋಗಳಲ್ಲಿ ಜನ ಮಾತು ನಿಲ್ಲಿಸಿದ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸಿ, ನೋಡುಗರ ಅಮೂಲ್ಯ ಸಮಯವನ್ನು ಉಳಿಸುವ ಮಹತ್ಕಾರ್ಯದಲ್ಲಿರುವ ತಮಗೆ ಇಷ್ಟುದ್ದದ ಪತ್ರ ಬರೆಯುವುದು ಅಪರಾಧವೇ ಸರಿ. ಆದರೆ ತಮ್ಮ ಕಂಪನಿಯ ಸಹಾಯವಾಣಿಯಲ್ಲಿ ಕಾದು ಕಾದು ಅಲ್ಲಿಯ ಸಂಗೀತ ನನಗೆ ಬಾಯಿಪಾಠವಾಗಿ, ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗುವ ಸ್ಥಿತಿ ಬಂದ ಮೇಲೆ, ಹೀಗೆ ನಾಲ್ಕು ಜನರ ಮುಂದೆ ಬರೆಯದೆ ಬೇರೆ ದಾರಿ ಕಾಣಲಿಲ್ಲ.

ನಾನು ಒಡೆದ ಕಪ್ಪು, ಬಟ್ಟಲು, ತಟ್ಟೆಗಳನ್ನು ಅಂಟಿಸಿಕೊಡುವವರ ಹೆಂಡತಿ. ಮೆಟ್ಟಿಲ ಕೆಳಗಿನ ನಮ್ಮ ಅಂಗಡಿಯಲ್ಲಿ ಒಂದು ಮೇಜು, ಕತ್ತು ಬಗ್ಗಿಸುವ ಒಂದು ದೀಪ, ಹಲ್ಲುಜ್ಜಿ ಸವೆದ ಬ್ರಷ್ಷುಗಳು, ಮರಳು ತುಂಬಿದ ಡಬ್ಬಿಗಳಲ್ಲಿ ಒಣಗಲು ನೆಟ್ಟ ಕಪ್ಪುಗಳು ಇವೆ. ಬಾಗಿಲು ಪೂರ್ತಿ ತೆರೆದರೆ ಗಿರಾಕಿ ನಿಲ್ಲಲು ಜಾಗವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ಎರಡನೆಯ ಅರ್ಧವನ್ನು ನಮ್ಮ ಮನೆಯವರು ಇಂದಿಗೂ ಒಪ್ಪಿಲ್ಲ. ಚೂರುಗಳನ್ನು ತರಲಿ, ನೋಡೋಣ ಎನ್ನುತ್ತಾರೆ. ಆದರೆ ಬೆರಳು ಒತ್ತಿದರೆ ಹೊಸ ಕಪ್ಪು ಮನೆ ಬಾಗಿಲಿಗೆ ಬಂದು ಕೂರುವ ಕಾಲವನ್ನು ತಮ್ಮಂಥವರು ತಂದ ಮೇಲೆ, ಗಿರಾಕಿಗೆ ಜಾಗ ಸಾಲದೆಂಬ ನಮ್ಮ ತೊಂದರೆ ತಾನಾಗಿಯೇ ಬಗೆಹರಿಯಿತು. ಆಗ ನಮ್ಮ ಮಗಳು, ಅಂಟಿಸಿ ಹೊಟ್ಟೆ ತುಂಬದಿದ್ದರೆ ಅಂಟಿಸುವುದನ್ನು ಕಲಿಸಿ ತುಂಬಿಸಿಕೊಳ್ಳಿ ಎಂದು ತಮ್ಮ ಕಂಪನಿಯಲ್ಲಿ ಅಪ್ಪನಿಗೊಂದು ವಿಡಿಯೋ ಚಾನೆಲ್ ತೆರೆದುಕೊಟ್ಟಳು. ಅವರು ಅಂಟಿಸುತ್ತಾರೆ, ನಾನು ಫೋನು ಹಿಡಿಯುತ್ತೇನೆ. ನಾವಿಬ್ಬರೂ ಈಗ ಸೃಜನಶೀಲರೆಂದು ತಮ್ಮ ಕಂಪನಿಯೇ ಅಭಿನಂದನೆ ಕಳುಹಿಸಿದೆ.

ನಮ್ಮ ಮನೆಯವರ ಮಾತಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಅವರು ಹೇಳುವುದಿಲ್ಲವಾದ್ದರಿಂದ. ನಾನು ಹಾಲನ್ನು ಒಲೆಯ ಮೇಲಿಟ್ಟಾಗ ಅವರು ಒಂದು ವಾಕ್ಯ ಶುರು ಮಾಡಿದರೆ, ಹಾಲು ಉಕ್ಕಿ, ಒಲೆ ಒರೆಸಿ, ಲೋಟಕ್ಕೆ ಬಗ್ಗಿಸುವ ಹೊತ್ತಿಗೆ ಕ್ರಿಯಾಪದ ಬರುತ್ತದೆ. ಹುಡುಗಿ ಒಪ್ಪಿಗೆಯೇ ಎಂದು ನಮ್ಮಪ್ಪ ಕೇಳಿದಾಗ ಇವರು ಯೋಚಿಸುತ್ತ ಕೂತ ರೀತಿ ನೋಡಿ, ಸಂಬಂಧ ಮುರಿಯಿತೆಂದು ಅಪ್ಪ ಚಪ್ಪಲಿ ಹಾಕಿಕೊಂಡಿದ್ದರು. ಹೂಂ ಎಂಬ ಉತ್ತರ ಅವರನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕಾಯಿತು.

ಇಂಥ ಮನುಷ್ಯನ ಬಾಳಿಗೆ ಒಂದು ಬೆಳಿಗ್ಗೆ, ಯಾರೂ ಕರೆಯದೆಯೇ, ಆ್ಯಪಿನ ಹೊಸ ಆವೃತ್ತಿಯ ಜೊತೆ ತಾವು ಬಂದಿರಿ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದನ್ನು ಕೇಳಿಯೂ, ಬಂಗಾರವನ್ನು ಗುಡಿಸಿ ಹೊರಗೆ ಹಾಕಿ ಬೆಳ್ಳಿಯನ್ನು ಮಾತ್ರ ಇಟ್ಟುಕೊಂಡ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು. ಮೊದಲ ದಿನ ನಾನು ಕುಣಿದಾಡಿದ್ದು ನಿಜ. ಫೋನಿನಲ್ಲಿದ್ದ ಗಂಡ ಅರಳು ಹುರಿದಂತೆ ಮಾತಾಡುತ್ತಿದ್ದರು; ಇಂಥವರು ಇಷ್ಟು ವರ್ಷ ಎಲ್ಲಿದ್ದರು ಎಂದು ನಾನು ಅದೇ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಪಕ್ಕದಲ್ಲೇ ಕೂತಿದ್ದ ಅಸಲು ಗಂಡ ಇದ್ಯಾರು ಎಂದು ಕೇಳಿದರು, ಸ್ವಲ್ಪ ಹೊತ್ತಾದ ಮೇಲೆ.

ಆದರೆ ಮಹಾಶಯರೇ, ನಮ್ಮ ಕಸುಬಿನಲ್ಲಿ ಅಂಟು ಹಚ್ಚುವುದು ಮಕ್ಕಳಾಟ. ಹಚ್ಚಿದ ಮೇಲೆ ಎರಡು ಚೂರುಗಳನ್ನು ಒತ್ತಿ ಹಿಡಿದು, ಮೂಗು ತುರಿಸಿದರೂ ಅಲುಗದೆ, ಅದು ಕಚ್ಚಿಕೊಳ್ಳುವವರೆಗೆ ಕೂತಿರುವುದೇ ವಿದ್ಯೆ. ಅದಕ್ಕಾಗಿಯೇ ಇವರು ಪ್ರತಿ ಪಾಠದಲ್ಲೂ ‘ಹಿಡ್ಕೊಳ್ಳಿ’ ಎಂದು ಹೇಳಿ, ತಾವೂ ಹಿಡಿದುಕೊಂಡು, ತುಟಿ ಬಿಚ್ಚದೆ ಕೂತು, ಆಮೇಲಷ್ಟೇ ‘ಬಿಡಿ’ ಎನ್ನುತ್ತಾರೆ. ತಾವು ಆ ನಡುವಿನದನ್ನು ಕಸವೆಂದು ತೆಗೆದಿರಿ. ಹಿಡ್ಕೊಳ್ಳಿ, ಬಿಡಿ. ಗುರುಗಳ ಮಾತಿನ ಮೇಲೆ ನಂಬಿಕೆಯಿಟ್ಟ ಜನ ಹಿಡಿದರು, ಬಿಟ್ಟರು. ಎಷ್ಟೋ ಅಡುಗೆಮನೆಗಳಲ್ಲಿ ಅರೆ ಒಡೆದ ಕಪ್ಪುಗಳು ಪೂರ್ತಿ ಒಡೆದವು, ಮತ್ತು ಜನ ಅದನ್ನೂ ಚಿತ್ರಿಸಿ ಹಾಕಿದರು.

ಆಮೇಲಿನ ಏಳಿಗೆಯನ್ನು ಏನೆಂದು ಬಣ್ಣಿಸಲಿ? ಗಂಭೀರ ಮುಖದ ಮನುಷ್ಯ ‘ಬಿಡಿ’ ಎಂದೊಡನೆ ಲೋಕದ ಪಿಂಗಾಣಿಯೆಲ್ಲ ನೆಲ ಕಾಣುವುದನ್ನು ನೋಡಲು ಜನ ಮುಗಿಬಿದ್ದರು. ತಮ್ಮ ಕಂಪನಿ ನಮ್ಮ ಮನೆಯವರನ್ನು ‘ಕಲಿಕೆ’ಯಿಂದ ಎತ್ತಿ ‘ಹಾಸ್ಯ’ದಲ್ಲಿ ಕೂರಿಸಿ, ಇದೇ ದಾರಿಯಲ್ಲಿ ಮುಂದುವರಿಯಿರಿ ಎಂದು ಬೆನ್ನು ತಟ್ಟಿತು. ವಿಡಿಯೋದ ಕೆಳಗೆ ಹೊಸ ಕಪ್ಪುಗಳ ಜಾಹೀರಾತು ಬರತೊಡಗಿತು. ಒಡೆಸುವವರೂ ತಾವೇ, ಮಾರುವವರೂ ತಾವೇ, ನಡುವೆ ಅಂಟಿಸುವವನೊಬ್ಬ ಇದ್ದಾನೆಂಬುದನ್ನು ನಗುವಿಗಾಗಿಯಾದರೂ ನೆನಪಿಟ್ಟುಕೊಂಡಿರಲ್ಲ, ಅಷ್ಟೇ ಸಾಕು.

ಇದೆಲ್ಲವನ್ನೂ ನಾವು ನುಂಗಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಒಬ್ಬ ಬಸ್ ಚಾಲಕರಿಂದ ಒಂದು ಪಾರ್ಸೆಲ್ ಬಂತು. ಅವರ ತಾಯಿ ಬದುಕಿರುವವರೆಗೂ ಚಹಾ ಕುಡಿಯುತ್ತಿದ್ದ ಕಪ್ಪಿನ ಹಿಡಿ ಕಳಚಿತ್ತಂತೆ. ನಮ್ಮ ಪಾಠ ನೋಡಿ ಅಂಟಿಸಲು ಹೋಗಿ, ಉಳಿದ ಕಪ್ಪೂ ಚೂರಾಗಿತ್ತು. ಚೂರುಗಳ ಜೊತೆಗಿದ್ದ ಚೀಟಿಯಲ್ಲಿ ಬೈಗುಳವಿರಲಿಲ್ಲ. ನೀವು ಬಿಡಿ ಅಂದ್ರಿ, ಬಿಟ್ಟೆ ಎಂದಷ್ಟೇ ಇತ್ತು. ನಮ್ಮ ಮನೆಯವರು ಅದನ್ನು ಓದಿ ದೀಪ ಆರಿಸಿ, “ನಾನು ಅಷ್ಟು ಬೇಗ ಬಿಡಿ ಅಂದಿರ್ಲಿಲ್ಲ” ಎಂದರು. ಈ ಸಲ ಅವರು ಮಾತಿಗೆ ತಡಮಾಡಲಿಲ್ಲ, ಅದಕ್ಕೇ ನನಗೆ ಭಯವಾದದ್ದು. ತನ್ನ ಬಾಯಿಂದ ಸುಳ್ಳು ಹೇಳಿಸುವ ಕಡೆ ಇನ್ನು ಪಾಠ ಮಾಡುವುದಿಲ್ಲ ಎಂದು ಅಂಗಡಿಯ ಬಾಗಿಲನ್ನೂ ಹಾಕಿದರು. ಜ್ವರ ಬಂದರೂ ಕೆಲಸ ಬಿಡದಿದ್ದ ಮನುಷ್ಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಲು ನನ್ನಿಂದ ಆಗಲಿಲ್ಲ.

ಈ ಕತ್ತರಿಯನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ತಮ್ಮವರನ್ನು ಕೇಳಿದೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತಾರಂತೆ. ಕೊನೆಗೆ ಮಗಳೇ ಉಪಾಯ ಹೇಳಿದಳು: ಯಂತ್ರ ಕತ್ತರಿಸುವುದು ಮೌನವನ್ನು ತಾನೇ, ಅಪ್ಪ ಹಿಡಿದುಕೊಂಡಿರುವಷ್ಟು ಹೊತ್ತೂ ಏನಾದರೂ ಮಾತಾಡುತ್ತಿರಲಿ. ಆ ಚಾಲಕರ ಕಪ್ಪನ್ನೇ ಅಂಟಿಸಿ ಸರಿಯಾದ ಪಾಠ ತೋರಿಸೋಣ ಎಂದು ನಾನು ಕೈಕಾಲು ಹಿಡಿದು ಇವರನ್ನು ಎಬ್ಬಿಸಿದೆ. ಮೀನಿಗೆ ಮರ ಹತ್ತಲು ಹೇಳಿದಂತಾಯಿತು. ಮೊದಲ ಚೂರಿಗೆ ಅಂಕಿ ಎಣಿಸಿ ನೋಡಿದರು. ಒಂದೇ ಬಗೆಯ ಸದ್ದೆಂದು ತಾವು ಅದನ್ನೂ ತೆಗೆದಿರಿ. ಆಮೇಲೆ ಅಂಟಿನ ಡಬ್ಬಿಯ ಮೇಲಿನ ಎಚ್ಚರಿಕೆಗಳನ್ನು ಓದಿದರು. ಡಬ್ಬಿ ಬೇಗ ಮುಗಿದುಹೋಯಿತು. ಕೊನೆಯ ದೊಡ್ಡ ಚೂರನ್ನು ಕೂರಿಸುವಾಗ ಓದಲು ಏನೂ ಉಳಿದಿರಲಿಲ್ಲ. ‘ಹಿಡ್ಕೊಳ್ಳಿ’ ಎಂದರು, ಕಪ್ಪನ್ನೇ ನೋಡುತ್ತ ತಾವಾಗಿಯೇ ಹೇಳತೊಡಗಿದರು.

“ಇವಳು ಒಂದ್ಸಲ ಅವರಕ್ಕನ ಮನೇಲಿ ತುಂಬಾ ದಿನ ಇದ್ಲು, ಅಕ್ಕಂಗೆ ಹುಷಾರಿರ್ಲಿಲ್ಲ. ಮನೇಲಿ ಒಂದು ಸದ್ದಿಲ್ಲ. ನಾನು ಮಾತಾಡಲ್ಲ ಅಂತ ಎಲ್ಲರೂ ಅಂತಾರೆ. ನಾನು ಮಾತಾಡಿದ್ರೆ ಇವಳ ಮಾತು ಕೇಳ್ಸಲ್ವಲ್ಲ. ಒಂದಿನ ತಡೀಲಾರ್ದೆ ಆ ನೀಲಿ ಬಟ್ಟಲನ್ನ ಬೇಕಂತಲೇ ಕೆಳಗೆ ಹಾಕಿದೆ, ಏನಾದ್ರೂ ಸದ್ದಾಗ್ಲಿ ಅಂತ. ಇವಳು ಬರೋವರೆಗೂ ಅದನ್ನೇ ಅಂಟಿಸ್ತಾ ಕೂತಿದ್ದೆ. ಬೆಕ್ಕು ಬೀಳಿಸ್ತು ಅಂತ ಹೇಳ್ದೆ. ಹ್ಞಾ, ಈಗ ಬಿಡಿ.”

ಕಪ್ಪು ಅಲುಗಲಿಲ್ಲ, ಫೋನು ನಿಲ್ಲಿಸುವುದನ್ನು ನಾನು ಮಾತ್ರ ಮರೆತೆ. ಆ ಬಟ್ಟಲಿನಲ್ಲಿ ನಾನು ಇವತ್ತಿಗೂ ಉಪ್ಪು ಹಾಕಿಡುತ್ತೇನೆ. ಆ ಬೆಕ್ಕನ್ನು ಎಷ್ಟು ಬೈದಿದ್ದೆ, ಎಷ್ಟು ದಿನ ಹಾಲು ಹಾಕಿರಲಿಲ್ಲ. ಈಗ ಕ್ಷಮೆ ಕೇಳೋಣವೆಂದರೆ ಅದು ಬದುಕಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ನನ್ನ ಮಾತು ಈ ಮನುಷ್ಯನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತದೆಂದೇ ತಿಳಿದಿದ್ದವಳು ನಾನು. ಅಂದು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಇದನ್ನು ತಮ್ಮಿಂದ ಮುಚ್ಚಿಡುವುದೇಕೆ.

ವಿಡಿಯೋ ಹೊರಬಂದಾಗ ತಾವು ಇನ್ನಷ್ಟು ಜಾಣರಾಗಿದ್ದಿರಿ. ವಿಷಯಕ್ಕೆ ಸಂಬಂಧವಿಲ್ಲದ ಮಾತುಗಳನ್ನೂ ಗುರುತಿಸಿ ತೆಗೆಯುವ ಹೊಸ ವಿದ್ಯೆ ಆ ವಾರವೇ ತಮಗೆ ಬಂದಿತ್ತಂತೆ. ಹಿಡ್ಕೊಳ್ಳಿ, ಬಿಡಿ. ನಡುವೆ ಏನೂ ಇಲ್ಲ. ಜಾಗ ಉಳಿಸುವ ಸದುದ್ದೇಶದಿಂದ ಫೋನಿನಲ್ಲಿದ್ದ ಮೂಲವನ್ನೂ ಅಳಿಸಿದ್ದಿರಿ. ಚಾಲಕರು ಖುದ್ದಾಗಿ ಬಂದು ಕಪ್ಪು ಒಯ್ದರು, ಅದು ಗಟ್ಟಿಯಾಗಿದೆ. ಪಾಠ ಮಾತ್ರ ಮೊದಲಿನಂತೆಯೇ ಸುಳ್ಳಾಗಿದೆ. ನಾವು ಅದನ್ನು ತೆಗೆದುಹಾಕಿದ್ದೇವೆ, ಚಾನೆಲ್ಲನ್ನೂ ಮುಚ್ಚಿದ್ದೇವೆ, ಅಂಗಡಿಯ ಬಾಗಿಲು ಮಾತ್ರ ಮತ್ತೆ ತೆರೆದಿದೆ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು ಕೆಲವೇ. ಕತ್ತರಿಸಲೇಬೇಕೆಂದಿದ್ದರೆ ದಯಮಾಡಿ ನನ್ನ ಭಾವ ಮನೆ ಕಟ್ಟಿಸಿದ ಕಥೆಯನ್ನು ಕತ್ತರಿಸಿ, ಆಸ್ಪತ್ರೆಯ ಹೊರಗಿನ ಸಾಲನ್ನು ಕತ್ತರಿಸಿ, ತಮ್ಮ ಸಹಾಯವಾಣಿಯ ಸಂಗೀತವನ್ನು ಬುಡಸಮೇತ ಕತ್ತರಿಸಿ. ಮತ್ತು ತಾವು ಕಸಕ್ಕೆ ಹಾಕಿದ ಆ ಚೂರು ಮಾತು ಎಲ್ಲಾದರೂ ಬಿದ್ದಿದ್ದರೆ ನನಗೆ ಹಿಂದಿರುಗಿಸಿ. ಅದನ್ನು ಇನ್ನೊಮ್ಮೆ ಹೇಳಿ ಎಂದು ನಾನು ಮೊನ್ನೆ ಸಂಜೆ ಇವರನ್ನೇ ಕೇಳಿದೆ. ಬ್ರಷ್ಷನ್ನು ಕೆಳಗಿಟ್ಟು, ನನ್ನ ಮುಖ ನೋಡಿ, “ಅದೇನಂದ್ರೆ” ಎಂದು ಶುರು ಮಾಡಿದ್ದಾರೆ. ಇನ್ನೂ ಮುಂದುವರಿದಿಲ್ಲ. ನಾನು ಹಾಲು ಕಾಯಿಸಿ ಕಾಯಿಸಿ ಕಾಯುತ್ತಿದ್ದೇನೆ.

ಇಂತು, ಮಾತು ಮುಗಿಯುವವರೆಗೆ ಎದ್ದು ಹೋಗದ,
ತಮ್ಮ ವಿಶ್ವಾಸಿ,
ಅಂಟಿಸುವವರ ಹೆಂಡತಿ

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮ ಕಂಪನಿಯಿಂದ ಇನ್ನೊಂದು ಶುಭ ಸಮಾಚಾರ ಬಂತು. ನಮ್ಮ ಮನೆಯವರ ದನಿಯನ್ನು ತಾವು ಕಲಿತಿದ್ದೀರಂತೆ, ಒಪ್ಪಿಗೆ ಕೊಟ್ಟರೆ ಇನ್ನು ಮುಂದೆ ಅವರು ಹೇಳಬೇಕಾದ್ದನ್ನು ತಾವೇ ತಡವಿಲ್ಲದೆ ಹೇಳುತ್ತೀರಂತೆ. ಬಹಳ ಉಪಕಾರ, ಆದರೆ ಬೇಡ. ಆ ವಾಕ್ಯವನ್ನು ದಯವಿಟ್ಟು ತಾವು ಮುಗಿಸಬೇಡಿ. ಅವರು ಅದನ್ನು ಶುರು ಮಾಡಿದ್ದು ನನ್ನ ಹತ್ತಿರ.