ಸೆರಗಿನೊಳಗೊಂದು ಮಿಯಾಂವ್

ನಮ್ಮ ಅತ್ಯಾಗೆ ಮನುಷ್ಯರೆಂದರೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸ್ತಿಲಿನ ಆಚೆ ನಿಂತ ಮನುಷ್ಯರೆಂದರೆ ಆಕೆಗೆ ಬಹಳ ಪ್ರೀತಿ. ಒಳಗೆ ಬಂದಮೇಲೆ ಮಾತ್ರ ಸ್ವಲ್ಪ ಕಷ್ಟ.

ಅತ್ಯಾ ಅಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಸದಾಶಿವ ಪೇಠದ ಮನೆಯಲ್ಲಿ ಒಬ್ಬಳೇ ಇದ್ದಳು. ನನಗೆ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ನಾನೂ ಅಲ್ಲೇ ಸೇರಿಕೊಂಡೆ. ಬಾಗಿಲಿಗೆ ಆಕೆ ಮರಾಠಿಯಲ್ಲಿ ಒಂದು ಪಾಟಿ, ಅಂದರೆ ಸೂಚನಾಫಲಕ, ಬರೆದು ತೂಗುಹಾಕಿದ್ದಾಳೆ: 'ಬೆಲ್ ಒಂದು ಸಲ ಒತ್ತಿದರೆ ಸಾಕು. ಒಳಗಿರುವವರು ಕಿವುಡರಲ್ಲ, ಏಳಲು ಮನಸ್ಸಿಲ್ಲದವರು.'

ಇಂಥವಳ ಕೈಗೆ ಇನ್ನೂ ಕಣ್ಣು ಬಿಡದ ಮೂರು ಬೆಕ್ಕಿನ ಮರಿಗಳು ಬಿದ್ದವು.

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಯಾರದೋ ಹಳೇ ಸ್ಕೂಟರು ನಿಂತಿದೆ. ಅದರ ಮುರಿದ ಡಿಕ್ಕಿಯೊಳಗೆ ಬೆಕ್ಕೊಂದು ಮರಿ ಹಾಕಿತ್ತು. ಗೋಡೆಗೆ ಬಣ್ಣ ಹೊಡೆಯುವವರು ಬಂದು ಏಣಿ ಎಳೆದಾಡಿದ ಸದ್ದಿಗೆ ತಾಯಿ ಕಾಂಪೌಂಡು ಹಾರಿ ಓಡಿತು. ಅತ್ಯಾ ಕೆಳಗಿಳಿದು ಕೆಲಸ ನಿಲ್ಲಿಸಿದಳು. ಆಕೆಯ ಮರಾಠಿಗೆ ಹೆದರಿ ಬಣ್ಣದವರು ಚಹಾಕ್ಕೆಂದು ಹೋದರು. ತಿರುಗಿ ಬಂದದ್ದು ಮರುದಿನ.

ತಾಯಿ ಬರಲಿಲ್ಲ. ಕಾಗೆಗಳು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತವು. ಅತ್ಯಾ ಕೊಡೆ ಹಿಡಿದು ದೂರದಲ್ಲಿ ಕಂಬದ ಮರೆಗೆ ನಿಂತಳು. ಬಿಸಿಲೇರಿತು. ಮರಿಗಳು ಅಳುವಷ್ಟು ಹೊತ್ತೂ ತಾಯಿ ಬಂದೀತೆಂದು ಆಕೆ ಕದಲಲಿಲ್ಲ. ಅಳು ನಿಂತಿತು ನೋಡಿ, ಓಡಿಹೋಗಿ ಮೂರನ್ನೂ ಸೆರಗಿನಲ್ಲಿ ಎತ್ತಿಕೊಂಡು ರಿಕ್ಷಾ ಕರೆದಳು. ನಾನು ಹಿಂದೆಯೇ ಓಡಿದೆ.

ಪ್ರಾಣಿಗಳ ಡಾಕ್ಟರು, ಹಸುವಿನ ಹಾಲು ಬೇಡ, ಮರಿಗಳಿಗೆಂದೇ ಬರುವ ಪುಡಿಯ ಹಾಲು ಕೊಡಿ, ಅಂಗಾತ ಹಿಡಿದು ಕುಡಿಸಬೇಡಿ, ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಿ ಎಂದರು. ಇಷ್ಟು ಎಳೆಯ ಮರಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ, ಪ್ರತಿ ಸಲ ಒದ್ದೆ ಹತ್ತಿಯಿಂದ ಒರೆಸಿ ಮಾಡಿಸಬೇಕು ಎಂದೂ ಹೇಳಿದರು. ಅತ್ಯಾ ನನ್ನ ಕಡೆ ತಿರುಗಿದಳು.

"ಹಾಲಿಂದು ನಾ ನೋಡ್ಕೋತೀನಿ. ಈ ಖಾತೆ ನಿಂದು."

ಅಂದಿನಿಂದ ಮನೆಯಲ್ಲಿ ಕುಕ್ಕರಿನ ಸೀಟಿ ನಿಷಿದ್ಧವಾಯಿತು. ಮರಿಗಳು ಬೆದರುತ್ತವಂತೆ. ಅರೆಬೆಂದ ಬೇಳೆ ಎಷ್ಟು ದಿನ ತಿನ್ನುವುದು? ಡಾಕ್ಟರಿಗೆ ಫೋನ್ ಮಾಡಿ, ಆ ಮರಿಗಳ ಕಿವಿ ಇನ್ನೂ ತೆರೆದೇ ಇಲ್ಲ ಎಂದು ತಿಳಿದುಕೊಂಡು ಬಂದು ಹೇಳಿದೆ.

"ಹೌದಲ್ಲ, ತೆರೆದ ಕೂಡ್ಲೆ ಮೊದಲ ಕೇಳೂದು ನಮ್ಮ ಕುಕ್ಕರ್ ಆಗಬೇಕೇನು?" ಅಂದಳು.

ಇದೆಲ್ಲ ತಮಾಷೆಯೇ ಆಗಿತ್ತು, ಆ ಭಾನುವಾರದವರೆಗೆ. ಅಂದು ಸೊಲ್ಲಾಪುರದಿಂದ ಒಬ್ಬ ಹುಡುಗಿ, ಅವಳ ತಾಯಿ ನನ್ನನ್ನು ನೋಡಲು ಬರುವವರಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬಂದರೆ ಅತ್ಯಾ ನೆಲದ ಮೇಲೆ ಕುಳಿತಿದ್ದಳು. ಮೂರರಲ್ಲಿ ಸಣ್ಣದು, ಬೂದಿ ಬಣ್ಣದ್ದು, ಆಕೆಯ ಅಂಗೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಬಾಯಿ ತಣ್ಣಗಾಗ್ಯದ. ನಿಪ್ಪಲ್ ಹಿಡೀವಲ್ದು."

ಡಾಕ್ಟರು ಫೋನಿನಲ್ಲಿ ಅವಸರವಾಗಿ ಹೇಳಿದರು: ತಣ್ಣಗಿರುವ ಮರಿಗೆ ಹಾಲು ಹಾಕಿದರೆ ಸತ್ತುಹೋಗುತ್ತದೆ, ಮೊದಲು ಮೈಗೆ ಹಚ್ಚಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಿ, ವಸಡಿಗೆ ಸಕ್ಕರೆ ನೀರು ಸವರಿ. ಅತ್ಯಾ ಮರಿಯನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡು, ಮೇಲೆ ಶಾಲು ಹೊದ್ದು ಕುಳಿತಳು. ಬೆಲ್ ಆಯಿತು. ಒಂದೇ ಸಲ.

"ಬರ್ರಿ," ಅಂದಳು ಕುಳಿತಲ್ಲಿಂದಲೇ. "ನಾ ಏಳೂದಿಲ್ಲ."

"ಆರಾಮ ಇಲ್ಲೇನ್ರಿ?" ಹುಡುಗಿಯ ತಾಯಿ ಕೇಳಿದರು.

"ನಾ ಆರಾಮ ಇದ್ದೀನಿ. ಇವಗ ಆರಾಮಿಲ್ಲ."

ಅವರು ಗಾಬರಿಯಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಶಾಲಿನ ಕಡೆ ಬೆರಳು ತೋರಿಸಿ ಎಲ್ಲ ವಿವರಿಸಿದೆ. ಆಮೇಲೆ ಅವರು ನನ್ನ ಕೆಲಸದ ವಿಚಾರ ತೆಗೆದರು.

"ಒಂಚೂರು ಸುಮ್ಮನಿರ್ರಿ," ಅತ್ಯಾ ಅಂದಳು. "ಉಸಿರು ಅದನೋ ಇಲ್ಲೋ ತಿಳೀವಲ್ದು."

ಸಂಬಂಧ ಮುಗಿಯಿತು ಅಂದುಕೊಂಡೆ. ಆದರೆ ಆ ತಾಯಿ ಎದ್ದು ನೇರ ಅಡಿಗೆಮನೆಗೆ ನಡೆದರು. ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಮ್ಮ ಕೆನ್ನೆಗೆ ಒತ್ತಿ ಬಿಸಿ ನೋಡಿ ತಂದು ಶಾಲಿನೊಳಗೆ ಇಟ್ಟರು. ಹುಡುಗಿ ನೆಲದ ಮೇಲೆ ಕುಳಿತು ಬೆರಳ ತುದಿಯಿಂದ ಮರಿಯ ವಸಡಿಗೆ ಸಕ್ಕರೆ ನೀರು ಸವರಿದಳು. ನಾನು ಮಾಡಿದ ಚಹಾ ಕೆನೆಗಟ್ಟಿತು. ನನಗೂ ಮದುವೆ ಮರೆತೇ ಹೋಗಿತ್ತು. ಹೊರಗೆ ಬಿಸಿಲು ಬಾಲ್ಕನಿ ದಾಟಿ ಹೋದಮೇಲೆ ಸೆರಗಿನೊಳಗಿಂದ ಒಂದು ಸಣ್ಣ ದನಿ ಬಂತು. ಹುಡುಗಿ ನನ್ನ ಮುಖ ನೋಡಿ ನಕ್ಕಳು. ಆ ದಿನ ಅವಳು ನನ್ನನ್ನು ನೋಡಿದ್ದು ಅದೊಂದೇ ಸಲ.

ಆ ವಾರವೇ ಅವಳು ಫೋನ್ ಮಾಡಿದಳು. "ಸಿಟ್ಟಾಗಬ್ಯಾಡ್ರಿ, ನನಗ ಈಗ ಮದುವಿ ಮನಸಿಲ್ಲ," ಎಂದಳು. ಹಿಂದೆಯೇ, "ಬೂದಿ ಬಣ್ಣದ್ದು ಹೆಂಗದ? ಅದನ್ನ ನನಗ ಕೊಡ್ತಾರೇನು?" ಅಂತ ಕೇಳಿದಳು. ಹೀಗೆ, ವರಪರೀಕ್ಷೆಯಲ್ಲಿ ನಾನು ನಪಾಸು, ಬೆಕ್ಕು ಪಾಸು.

ಮರಿಗಳು ದೊಡ್ಡವಾಗಿ, ಪರದೆ ಹತ್ತಿ, ನನ್ನ ಚಪ್ಪಲಿ ಕಚ್ಚುವಂತಾದ ಮೇಲೆ ತಾಯಿ ಮಗಳು ಬುಟ್ಟಿ ಹಿಡಿದು ಬಂದರು. ಅತ್ಯಾ ಬೂದಿ ಮರಿಯನ್ನು ಬುಟ್ಟಿಯಲ್ಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ತಣ್ಣಗಾದ್ರ ಹಾಲು ಹಾಕಬ್ಯಾಡವಾ. ಮೊದಲ ಎದಿಗೆ ಹಚ್ಕೋ."

"ಈಗ ದೊಡ್ಡದಾಗ್ಯದಲ್ಲ ಕಾಕು," ಹುಡುಗಿ ನಕ್ಕಳು.

ಅತ್ಯಾ ನಗಲಿಲ್ಲ.

"ನನಗೂ ಒಂದು ಕೂಸು ಆಗಿತ್ತು. ಭಾಳ ಸಣ್ಣದಿತ್ತು, ಹಿಂಗ ತಣ್ಣಗಾತು. ಎದಿಗೆ ಹಚ್ಕೋ ಅಂತ ಆವಾಗ ನನಗ ಯಾರೂ ಹೇಳ್ಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ಸೊಲ್ಲಾಪುರದ ಬಸ್ಸಿಗೆ ಹೊತ್ತಾಗಿತ್ತು. ಹೊಸ್ತಿಲಾಚೆ ಹೊರಟು ನಿಂತಿದ್ದ ಹುಡುಗಿ ಬುಟ್ಟಿಯನ್ನು ಕೆಳಗಿಟ್ಟು, ಚಪ್ಪಲಿ ಬಿಚ್ಚಿ, ಒಳಗೆ ಬಂದು ಅತ್ಯಾನ ಪಕ್ಕ ಕುಳಿತಳು.